ಹಳೆಯ ಸೂಜಿ, ಪಿನ್ನು, ಡಬ್ಬಿ: ಕೊಡಗಿನ ಮಳೆಯಲ್ಲಿ ಯಾವುದನ್ನು ಕೂಡಿಡುವುದು?

ಜುಲೈ ತಿಂಗಳಲ್ಲಿ ನಮ್ಮ ಮನೆಯ ಉಪ್ಪಿನ ಜಾಡಿ ನೀರು ಬಿಟ್ಟುಕೊಂಡು ಕೂತಿರುತ್ತದೆ. ಬೀರುವಿನಲ್ಲಿಟ್ಟ ಬೆಲ್ಟಿಗೆ ಹಸಿರು ಬೂಷ್ಟು. ಬೆಂಕಿಪೊಟ್ಟಣ ಗೀರಿದರೆ ಹತ್ತುವುದಿಲ್ಲ. ಇಂಥ ಊರಲ್ಲಿ ಕೂತು ಹಳೆಯ ಉಕ್ಕಿನ ಸೂಜಿ, ತೆಳು ಕಾಗದದ ಪೊಟ್ಟಣ ಕೂಡಿಡುತ್ತೇನೆ ಅಂದರೆ ಜನ ನಗುತ್ತಾರೆ. ನಮ್ಮತ್ತೆ ಹನ್ನೆರಡು ವರ್ಷದಿಂದ ನಗುತ್ತಲೇ ಇದ್ದಾರೆ. ಅವರ ಹೊಲಿಗೆ ಡಬ್ಬಿಯಿಂದಲೇ ನಾನು ಶುರು ಮಾಡಿದ್ದು ಅನ್ನುವುದು ಬೇರೆ ಮಾತು.

ಈಚೆಗೆ ಮೂರ್ನಾಲ್ಕು ಮಂದಿ ಒಂದೇ ಪ್ರಶ್ನೆ ಕೇಳಿದರು: ಪೊಟ್ಟಣ ಕೂಡಿಡಬೇಕಾ, ಪಿನ್ನಾ, ಡಬ್ಬಿಯಾ? ಬೇರೆ ಊರಿನವರಾದರೆ ಅಪರೂಪ ಯಾವುದು, ಬೆಲೆ ಯಾವುದಕ್ಕೆ ಏರುತ್ತದೆ ಎಂದು ಲೆಕ್ಕ ಹಾಕಿ ಹೇಳಬಹುದು. ಇಲ್ಲಿ ಆ ಲೆಕ್ಕ ಎರಡನೆಯದು. ಮೊದಲು ನಿಮ್ಮ ಮನೆ ಎಲ್ಲಿದೆ ಹೇಳಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರಕ್ಕೆ ಇಳಿದರೆ ಎಷ್ಟೋ ಕಡಿಮೆ. ಕುಶಾಲನಗರದವರು ಧೈರ್ಯವಾಗಿ ಉಕ್ಕು ಕೂಡಿಡಬಹುದು. ನಾಪೋಕ್ಲು, ಭಾಗಮಂಡಲದವರು ನಾನು ಮುಂದೆ ಹೇಳುವುದನ್ನು ಓದಿ ಆಮೇಲೆ ದುಡ್ಡು ಬಿಚ್ಚಿ.

ನನ್ನ ಉತ್ತರ ಈಗಲೇ ಹೇಳಿಬಿಡುತ್ತೇನೆ. ಹೊಸಬರು ಭಾರತದಲ್ಲೇ ತಯಾರಾದ ಸೂಜಿಯ ಕಾಗದದ ಪೊಟ್ಟಣಗಳಿಂದ ಶುರು ಮಾಡಿ. ಸೂಜಿಗಿಂತ ಅದರ ಕಾಗದವೇ ಮುಖ್ಯ. ಕಾಗದ ಮಾತಾಡುತ್ತದೆ, ಸೂಜಿ ಮಾತಾಡುವುದಿಲ್ಲ. ಲೇಬಲ್ಲಿನಿಂದ ಹೊರಗೆ ಬಿದ್ದ ಹಳೆಯ ಸೂಜಿಯೂ ನಿನ್ನೆ ಫ್ಯಾನ್ಸಿ ಸ್ಟೋರಿನಲ್ಲಿ ತಂದ ಸೂಜಿಯೂ ಕಣ್ಣಿಗೆ ಹೆಚ್ಚುಕಮ್ಮಿ ಒಂದೇ.

ಪೊಟ್ಟಣ: ರೆಡಿಚ್ಚಿನದೋ, ನೀಲಗಿರಿಯದೋ?

ಹಳೆಯ ಸೂಜಿ ಅಂದ ಕೂಡಲೇ ಬರುವ ಹೆಸರು ಇಂಗ್ಲೆಂಡಿನ ರೆಡಿಚ್. 19ನೇ ಶತಮಾನದಲ್ಲಿ ಜಗತ್ತಿನ ಸೂಜಿಗಳಲ್ಲಿ ನೂರಕ್ಕೆ ತೊಂಬತ್ತು ಆ ಊರು ಮತ್ತು ಅದರ ಸುತ್ತಲಿನ ಹಳ್ಳಿಗಳಿಂದಲೇ ಹೋಗುತ್ತಿದ್ದವು ಎಂದು ಹೇಳುತ್ತಾರೆ. ಅಲ್ಲಿನ ಫೋರ್ಜ್ ಮಿಲ್ ಈಗ ಸೂಜಿಗಳ ಮ್ಯೂಸಿಯಂ. ನೀರಿನ ಚಕ್ರದಿಂದ ಓಡುತ್ತಿದ್ದ ಆ ಗಿರಣಿಯಲ್ಲಿ ಸೂಜಿಗಳನ್ನು ಕುರುಂದದ ಪುಡಿ, ಸಾಬೂನಿನ ಜೊತೆ ಬಟ್ಟೆಯಲ್ಲಿ ಸುತ್ತಿ ದಿನಗಟ್ಟಲೆ ಉರುಳಿಸಿ ಹೊಳಪು ಕೊಡುತ್ತಿದ್ದರು. ಮೊನೆ ಮಾಡುವವರ ಕತೆ ಮಾತ್ರ ಕಷ್ಟದ್ದು. ಒಣಕಲ್ಲಿಗೆ ಸೂಜಿ ಹಿಡಿದು ತಿಕ್ಕುವಾಗ ಏಳುವ ಉಕ್ಕಿನ, ಕಲ್ಲಿನ ಧೂಳು ಶ್ವಾಸಕೋಶ ಸೇರುತ್ತಿತ್ತು. ಕೂಲಿ ಚೆನ್ನಾಗಿತ್ತು, ಆಯಸ್ಸು ಇರಲಿಲ್ಲ.

ಈ ಇಂಗ್ಲಿಷ್ ಪೊಟ್ಟಣಗಳು ಕೊಡಗಿನಲ್ಲಿ ಸಿಗುವುದಿಲ್ಲ ಅಂತಲ್ಲ. 1850ರ ದಶಕದಿಂದ ಇಲ್ಲಿ ಇಂಗ್ಲಿಷರ ಕಾಫಿ ತೋಟಗಳು ಎದ್ದವು. ದೊರೆಸಾನಿಯರ ಹೊಲಿಗೆ ಪೆಟ್ಟಿಗೆಗಳು ತೋಟ ಕೈಬದಲಾದಾಗ ಮೇಜು ಕುರ್ಚಿಗಳ ಜೊತೆ ಇಲ್ಲೇ ಉಳಿದವು. ಒಂದು ಪೊಟ್ಟಣದಲ್ಲಿ ಸಾಮಾನ್ಯವಾಗಿ 25 ಸೂಜಿ. ಒಳಗೆ ಕಪ್ಪು ಕಾಗದ. ತುಕ್ಕು ತಡೆಯಲಿ ಎಂದು ಆ ಕಾಗದ. ಹೊರಗೆ ಪುಟ್ಟ ಲೇಬಲ್ಲು, ಅದರ ಮೇಲೆ ಕಂಪನಿ ಹೆಸರು, ನಂಬರು, ಕೆಲವಕ್ಕೆ ರಾಣಿಯ ತಲೆ. ಹೆನ್ರಿ ಮಿಲ್ವರ್ಡ್, ಏಬಲ್ ಮೊರಾಲ್, ಕರ್ಬಿ ಬಿಯರ್ಡ್ ಇವು ಮತ್ತೆ ಮತ್ತೆ ಕಣ್ಣಿಗೆ ಬೀಳುವ ಹೆಸರುಗಳು.

ಇಲ್ಲಿ ಹೊಸಬರು ಬೀಳುವ ಹಳ್ಳ ಒಂದಿದೆ. ಮಿಲ್ವರ್ಡ್ ಪೊಟ್ಟಣದ ಮೇಲೆ 1730 ಎಂದಿರುತ್ತದೆ. ಅದು ಕಂಪನಿ ಹುಟ್ಟಿದ ವರ್ಷ, ಪೊಟ್ಟಣ ಹುಟ್ಟಿದ್ದಲ್ಲ. ಇನ್ನೂರು ವರ್ಷ ಕಳೆದ ಮೇಲೂ ಅದೇ ಇಸವಿ ಅಚ್ಚು ಹಾಕಿ ಮಾರುತ್ತಿದ್ದರು. ಕರ್ಬಿ ಬಿಯರ್ಡಿನ 1743 ಕೂಡ ಹಾಗೆಯೇ. "ಸಾರ್, ಮುನ್ನೂರು ವರ್ಷದ್ದು" ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ಇನ್ನೊಂದು ಕಡೆ ನೀಲಗಿರಿ. ಊಟಿ ಪಕ್ಕದ ಕೇತಿಯಲ್ಲಿ ನೀಡಲ್ ಇಂಡಸ್ಟ್ರೀಸ್ ಎಂಬ ಕಾರ್ಖಾನೆ ಇದೆ. ಇಂಗ್ಲೆಂಡಿನ ಸೂಜಿ ಕಂಪನಿಯೊಂದರ ಕೂಸಾಗಿ 1949ರಲ್ಲಿ ಶುರುವಾಯಿತು. ನಮ್ಮ ಅಂಗಡಿಗಳಲ್ಲಿ ಸಿಗುವ ಪೋನಿ ಸೂಜಿ ಅಲ್ಲಿಯದೇ. ವಕೀಲರಿಗೆ ಈ ಕಂಪನಿ ಇನ್ನೊಂದು ಕಾರಣಕ್ಕೆ ಗೊತ್ತು. ಷೇರುದಾರರ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 1981ರಲ್ಲಿ ಬಂದ ತೀರ್ಪನ್ನು ಕಂಪನಿ ಕಾನೂನಿನ ವಿದ್ಯಾರ್ಥಿಗಳು ಇವತ್ತಿಗೂ ಓದುತ್ತಾರೆ. ನನ್ನ ಸೋದರಳಿಯ ಕಾನೂನು ಓದುವಾಗ ನನ್ನ ಆಲ್ಬಂ ನೋಡಿ "ಮಾವ, ಇದು ನಮ್ಮ ಸಿಲಬಸ್ಸಲ್ಲಿದೆ!" ಎಂದು ಕೂಗಿದ್ದ. ಮನೆಯಲ್ಲಿ ನನ್ನ ಹವ್ಯಾಸಕ್ಕೆ ಸಿಕ್ಕ ಮರ್ಯಾದೆ ಅದೊಂದೇ.

ಎರಡರಲ್ಲಿ ಯಾವುದು? ರೆಡಿಚ್ ಪೊಟ್ಟಣದ ಅಚ್ಚು ಚಂದ, ಲೇಬಲ್ಲಿನ ಬಣ್ಣ ಚಂದ, ಒಪ್ಪುತ್ತೇನೆ. ಆದರೆ ಅದು ಯಾವ ಕಾಲದ್ದು ಎಂದು ಕಂಡುಹಿಡಿಯಲು ಇಂಗ್ಲೆಂಡಿನ ಕಂಪನಿಗಳ ವಿಳಾಸ, ಕೈಬದಲು ಎಲ್ಲ ಓದಿಕೊಂಡಿರಬೇಕು. ನಮ್ಮ ದೇಶದ ಪೊಟ್ಟಣ ಆದರೆ ನಿಮ್ಮ ತಲೆಯಲ್ಲಿರುವ ವಿಷಯವೇ ಸಾಕು. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗೆ ಮುಂಚಿನದು ಎಂದುಕೊಳ್ಳಬಹುದು. 'ನಯಾ ಪೈಸೆ' ಇದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕೆ ಮುಂಚಿನದಾಗಿರಲು ಸಾಧ್ಯವೇ ಇಲ್ಲ. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್‌ಗೆ ಮುಂಚೆ. ಮದ್ರಾಸೋ ಚೆನ್ನೈಯೋ ಎನ್ನುವುದು 1996ರ ಆಚೆ ಈಚೆ ಹೇಳುತ್ತದೆ.

ಕೊಡಗಿಗೆ ಇನ್ನೂ ಒಂದು ಗುಟ್ಟು. ಪೊಟ್ಟಣದ ಹಿಂದೆಯೋ ರಸೀದಿಯ ಮೇಲೋ ಅಂಗಡಿಯ ರಬ್ಬರ್ ಸ್ಟಾಂಪು ಇರುತ್ತದೆ. ಅದರಲ್ಲಿ 'ಕೂರ್ಗ್ ಸ್ಟೇಟ್' ಎಂದು ಕಂಡರೆ ಹುಷಾರಾಗಿ ಎತ್ತಿಡಿ. ಕೊಡಗು ತನ್ನದೇ ರಾಜ್ಯವಾಗಿದ್ದದ್ದು 1956ರ ಅಕ್ಟೋಬರ್ ಕೊನೆಯವರೆಗೆ, ಆಮೇಲೆ ಮೈಸೂರಿಗೆ ಸೇರಿತು. ಬರೀ 'ಮರ್ಕೇರಾ' ಎಂದು ಮಡಿಕೇರಿಯ ಹಳೆಯ ಹೆಸರಿದ್ದರೆ ಅಷ್ಟು ನೆಚ್ಚಿಕೊಳ್ಳಬೇಡಿ. ಸ್ಟಾಂಪು ಸವೆಯುವ ತನಕ ಹಳೆಯದನ್ನೇ ಒತ್ತುವ ಅಂಗಡಿಯವರು ನಮ್ಮಲ್ಲಿ ಕಡಿಮೆಯೇ? ಹೆಸರು ಬದಲಾದ ಎಷ್ಟೋ ವರ್ಷದ ಮೇಲೂ ಹಳೇ ಸ್ಟಾಂಪು ಓಡಿದೆ.

ಈ ಲೆಕ್ಕ ಗೊತ್ತಿಲ್ಲದೆ ನಾನೂ ಒಮ್ಮೆ ಮೋಸ ಹೋದೆ. ಫೋನಿನಲ್ಲಿ ಫೋಟೋ ನೋಡಿ 'ನೂರು ವರ್ಷ ಹಳೆಯ ಪಿನ್ ಪೊಟ್ಟಣ' ಎಂದು ತರಿಸಿಕೊಂಡೆ. ಕೈಗೆ ಬಂದ ಮೇಲೆ ತಿರುಗಿಸಿ ನೋಡಿದರೆ ವಿಳಾಸದ ಕೊನೆಯಲ್ಲಿ ಪಿನ್ ಕೋಡ್! ಪಿನ್ನಿನ ಪೊಟ್ಟಣವನ್ನು ಪಿನ್ನೇ ಹಿಡಿದುಕೊಟ್ಟಿತು. ಮಾರಿದವನು ಫೋನ್ ಎತ್ತಲಿಲ್ಲ.

ಇನ್ನು ಬೇರೆ ದೇಶದವು ಸಿಕ್ಕರೆ: 'ವೆಸ್ಟ್ ಜರ್ಮನಿ' ಎಂದಿದ್ದರೆ 1949ರಿಂದ 1990ರ ಒಳಗಿನದು. 'ಆಕ್ಯುಪೈಡ್ ಜಪಾನ್' ಎಂದಿರುವ ಬಣ್ಣಬಣ್ಣದ ಸೂಜಿ ಪುಸ್ತಕ ಸಿಕ್ಕರೆ ಎರಡನೇ ಮಹಾಯುದ್ಧ ಮುಗಿದ ಮೇಲಿನದು, 1952ರ ಒಳಗಿನದು. ಪುಸ್ತಕದ ಹಾಗೆ ಮಡಚುವ ರಟ್ಟು, ಒಳಗೆ ಸೂಜಿ ಸಾಲು. ಮಕ್ಕಳಿಗೆ ತೋರಿಸಲು ಅದರಷ್ಟು ಚಂದದ್ದು ಬೇರೊಂದಿಲ್ಲ.

ನಂಬರಿನ ವಿಷಯ ಒಂದು ಮಾತು. ಕೈಹೊಲಿಗೆ ಸೂಜಿಯಲ್ಲಿ ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಣ್ಣ. ಮಿಷನ್ ಸೂಜಿಯಲ್ಲಿ ಉಲ್ಟಾ, ಜಾಸ್ತಿಯಾದಷ್ಟೂ ದಪ್ಪ. 90 ಎಂದರೆ 0.9 ಮಿಲಿಮೀಟರ್ ದಪ್ಪ. ಮಿಷನ್ ಸೂಜಿ ಪೊಟ್ಟಣಗಳನ್ನು ಬೇರೆಯೇ ಆಲ್ಬಂ ಮಾಡಿ. ಉಷಾ, ಸಿಂಗರ್ ಎರಡೇ ಹಿಡಿದರೂ ಒಂದು ಆಲ್ಬಂ ತುಂಬುತ್ತದೆ, ಹಳೆಯ ಟೈಲರುಗಳ ಡ್ರಾಯರಿನಲ್ಲಿ ಧಾರಾಳವಾಗಿ ಸಿಗುತ್ತವೆ.

ಪಿನ್ನು: ಕಡಿಮೆ ಖರ್ಚು, ಜಾಸ್ತಿ ತಲೆನೋವು

ಗುಂಡುಸೂಜಿಗೆ ಕತೆ ದೊಡ್ಡದು. ಹತ್ತು ಜನ ಕೆಲಸ ಹಂಚಿಕೊಂಡು ದಿನಕ್ಕೆ 48,000 ಪಿನ್ ಮಾಡುತ್ತಾರೆ ಎಂದು ಆಡಮ್ ಸ್ಮಿತ್ 1776ರಲ್ಲಿ ಬರೆದದ್ದು ಇದರ ಬಗ್ಗೆಯೇ. ಆಗಿನ ಪಿನ್ನಿಗೆ ತಲೆ ಬೇರೆ. ಸಣ್ಣ ತಂತಿಯನ್ನು ಸುತ್ತಿ ಕೂರಿಸುತ್ತಿದ್ದರು. ತಲೆ, ಕಾಲು ಒಂದೇ ತಂತಿಯಲ್ಲಿ ಮಾಡುವ ಯಂತ್ರ 19ನೇ ಶತಮಾನದಲ್ಲಿ ಬಂತು. ಹಾಗಾಗಿ ಭೂತಗನ್ನಡಿಯಲ್ಲಿ ನೋಡಿದಾಗ ತಲೆಯ ಮೇಲೆ ತಂತಿ ಸುತ್ತಿದ ಗೆರೆ ಕಂಡರೆ ನಿಮ್ಮ ಕೈಯಲ್ಲಿರುವುದು ನಿಜಕ್ಕೂ ಹಳೆಯದು.

ಪಿನ್ನಿನಲ್ಲಿ ಹಿತ್ತಾಳೆಯದೋ ಉಕ್ಕಿನದೋ ಅನ್ನುವುದೇ ಆಯ್ಕೆ. ಫ್ರಿಜ್ಜಿನ ಬಾಗಿಲಿನ ಅಯಸ್ಕಾಂತ ತಂದು ಹಿಡಿದರೆ ತೀರ್ಮಾನ ಆಯಿತು: ಅಂಟಿದರೆ ಉಕ್ಕು, ಅಂಟದಿದ್ದರೆ ಹಿತ್ತಾಳೆ. ಮಳೆಯ ಊರಿಗೆ ಹಿತ್ತಾಳೆಯೇ ವಾಸಿ. ತುಕ್ಕು ಇಲ್ಲ, ಹೆಚ್ಚೆಂದರೆ ಕಿಲುಬು ಹಿಡಿದು ಹಸಿರಾಗುತ್ತದೆ. ನಿಕಲ್ ಬಳಿದ ಉಕ್ಕಿನ ಪಿನ್ನು ಹೊಳೆಯುತ್ತಲೇ ಇರುತ್ತದೆ, ಬಳಿದದ್ದು ಎಲ್ಲಿ ಗೀರಿತೋ ಅಲ್ಲಿಂದ ಒಳಗೊಳಗೇ ಕೊಳೆಯುತ್ತದೆ.

ಮಡಿಕೆ ಮಡಿಕೆಯಾಗಿ ಕಾಗದಕ್ಕೆ ಸಾಲಾಗಿ ಚುಚ್ಚಿದ ಪಿನ್ ಹಾಳೆ ನೋಡಲು ಬಲು ಸೊಗಸು. ಮಡಿಕೇರಿಯಂಥ ಊರಿಗೆ ನಾನು ಅದನ್ನು ಬೇಡ ಅನ್ನುತ್ತೇನೆ. ಪ್ರತಿ ಪಿನ್ನೂ ಎರಡು ಕಡೆ ಕಾಗದವನ್ನು ಮುಟ್ಟಿರುತ್ತದೆ, ಪ್ರತಿ ಕಡೆಗೂ ಒಂದು ಕಂದು ಚುಕ್ಕೆ. ಎರಡು ಮಳೆಗಾಲ ಕಳೆದರೆ ಹಾಳೆ ಸಿಡುಬು ಬಂದ ಮುಖದ ಹಾಗಾಗುತ್ತದೆ. ಅದರ ಬದಲು ತಗಡಿನ ಪುಟ್ಟ ಪಿನ್ ಡಬ್ಬಿ ನೋಡಿ. ಬರ್ಮಿಂಗ್‌ಹ್ಯಾಮಿನ ಟೇಲರ್ ಕಂಪನಿಯ 'ಡಾರ್ಕಸ್' ಡಬ್ಬಿ ಚಂದದ ಮಾಲು. ಒಳಗಿನ ಪಿನ್ನನ್ನು ಬೇರೆ ತೆಗೆದಿಟ್ಟರೂ ಡಬ್ಬಿ ಡಬ್ಬಿಯೇ.

ಸೇಫ್ಟಿ ಪಿನ್ನು? ವಾಲ್ಟರ್ ಹಂಟ್ ಎಂಬ ಅಮೆರಿಕದವನು 1849ರಲ್ಲಿ ಪೇಟೆಂಟ್ ತೆಗೆದು, 400 ಡಾಲರಿಗೆ ಹಕ್ಕು ಮಾರಿಬಿಟ್ಟ. ಕೊಡವ ಶೈಲಿಯಲ್ಲಿ ಸೀರೆ ಉಟ್ಟು ಬಲಭುಜದ ಮೇಲೆ ಸೆರಗು ಕಟ್ಟುವ ಇಡೀ ಜಿಲ್ಲೆ ಅವನಿಗೆ ಋಣಿ ಅಲ್ವಾ? ಹಾಗಿದ್ದೂ ಹಳೆಯ ಸೇಫ್ಟಿ ಪಿನ್ ಕೂಡಿಡುವುದನ್ನು ನಾನು ಬಿಟ್ಟೆ. ಬಿಡಿಯಾಗಿ ಸಿಗುವ ಪಿನ್ನಿಗೆ ಕಾಲ ಹೇಳುವ ಗುರುತೇ ಇರುವುದಿಲ್ಲ. ರಟ್ಟಿಗೆ ಸಿಕ್ಕಿಸಿದ ಪೂರ್ತಿ ಕಾರ್ಡು ಸಿಕ್ಕರೆ ಮಾತ್ರ ತಗೊಳ್ಳಿ. ಹಳೆಯ ಬ್ರೋಚುಗಳು ಆಭರಣದ ಲೆಕ್ಕ, ಅದು ಅಕ್ಕಸಾಲಿಗರ ಹತ್ತಿರ ಕೇಳುವ ವಿಷಯ.

ತಗಡು, ಹಿತ್ತಾಳೆ, ಬಟ್ಟೆ

ಗ್ರಾಮಾಫೋನ್ ಮುಳ್ಳಿನ ಡಬ್ಬಿಯನ್ನು ಹೊಲಿಗೆ ಸೂಜಿಯವರು ಸೇರಿಸಬೇಕೋ ಬೇಡವೋ ಎಂದು ಜಗಳ ಇದೆ. ನಾನು ಸೇರಿಸುತ್ತೇನೆ. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ತಗಡಿನ ಡಬ್ಬಿ, ಮುಚ್ಚಳದ ಮೇಲೆ ಎಚ್‌ಎಂವಿ ರೆಕಾರ್ಡ್ ಕಂಪನಿಯ ನಾಯಿ, ಒಳಗೆ 200 ಮುಳ್ಳು. ಉಕ್ಕಿನ ಮುಳ್ಳು ರೆಕಾರ್ಡಿನ ಒಂದು ಮಗ್ಗುಲಿಗೆ ಒಂದು, ಆಮೇಲೆ ಬಿಸಾಡಬೇಕು. ಆದ್ದರಿಂದ ಒಂದೊಂದು ಮನೆಯಲ್ಲಿ ಡಬ್ಬಿಗಳು ರಾಶಿ ಬಿದ್ದವು. ಖಾಲಿಯಾದ ಮೇಲೆ ಅಜ್ಜಿಯಂದಿರು ಅದರಲ್ಲಿ ಗುಂಡುಸೂಜಿ, ಗುಂಡಿ, ಹುಕ್ಕು ತುಂಬಿಟ್ಟರು. ಹೊಲಿಗೆ ಡಬ್ಬಿಯಲ್ಲೇ ಸಿಕ್ಕ ಮೇಲೆ ಹೊಲಿಗೆಯದಲ್ಲ ಎಂದು ಹೇಗೆ ಹೇಳುವುದು? ಗಟ್ಟಿ, ಚಿಕ್ಕದು, ಚಿತ್ರ ಇರುವುದು. ಕಾಗದದಷ್ಟು ನಾಜೂಕಲ್ಲ. ಭಾಗಮಂಡಲದ ಕಡೆಯವರಿಗೆ ನಾನು ಮೊದಲು ಹೇಳುವುದು ಇದನ್ನೇ. ಕೊಳ್ಳುವಾಗ ಮುಚ್ಚಳದ ಅಂಚು ಮಾತ್ರ ನೋಡಿ, ತುಕ್ಕು ಶುರುವಾಗುವುದು ಅಲ್ಲಿಂದ.

ಹಿತ್ತಾಳೆಯ ಸೂಜಿ ಕರಡಿಗೆಗಳಲ್ಲಿ ದೊಡ್ಡ ಹೆಸರು ರೆಡಿಚ್ಚಿನ ವಿಲಿಯಂ ಏವರಿ. 1860ರ ದಶಕದ ಕೊನೆಯಿಂದ ಅವರು ಚಿಟ್ಟೆ, ತಳ್ಳುಗಾಡಿ ಮುಂತಾದ ಆಕಾರಗಳಲ್ಲಿ ತೆಳು ಹಿತ್ತಾಳೆಯ ಕರಡಿಗೆ ಮಾಡಿದರು. ಮಳೆಗೆ ಹೆದರದ ವಸ್ತು, ಬೆಲೆಗೆ ಮಾತ್ರ ನಾವು ಹೆದರಬೇಕು. ನಕಲಿಯೂ ಬರುತ್ತದೆ. ಅಸಲಿಯದು ತೆಳು ತಗಡನ್ನು ಒತ್ತಿ ಮಾಡಿದ್ದು, ಕೈಯಲ್ಲಿ ಹಗುರ. ಭಾರವಾಗಿ ಕೂತರೆ ಅನುಮಾನ ಪಡಿ. ವಜ್ರಾಕಾರದ ಪುಟ್ಟ ಮುದ್ರೆ ಕಂಡರೆ ಅದು ಬ್ರಿಟನ್ನಿನ ವಿನ್ಯಾಸ ನೋಂದಣಿಯ ಗುರುತು, 1842ರಿಂದ 1883ರವರೆಗೆ ಹಾಕುತ್ತಿದ್ದರು.

ನಾನು ಹಿತ್ತಾಳೆಯ ಕರಡಿಗೆಯೊಂದನ್ನು ಕೈಯಾರೆ ಕೆಡಿಸಿದ್ದೇನೆ. ಹಳೆಯ ತೋಟದ ಮನೆಯೊಂದರಿಂದ ಬಂದದ್ದು, ಕಪ್ಪಗಿತ್ತು. ದೀಪದ ಕಂಬ ತೊಳೆದ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಥಳಥಳ ಹೊಳೆಯಿತು. ಒತ್ತಿದ್ದ ಅಕ್ಷರಗಳ ಅಂಚು ಹೋಯಿತು, ನೂರು ವರ್ಷದ ಬಣ್ಣ ಹೋಯಿತು, ಅದರ ಜೊತೆ ಮೂರು ಪಾಲು ಬೆಲೆಯೂ ಹೋಯಿತು. ಹುಣಸೆ, ನಿಂಬೆ, ಪಾತ್ರೆ ಪುಡಿ ಯಾವುದೂ ಬೇಡ. ಒಣ ಹತ್ತಿ ಬಟ್ಟೆ ಸಾಕು. ಆಯುಧಪೂಜೆ ದಿನ ಕುಂಕುಮವನ್ನು ಪಕ್ಕದ ತಟ್ಟೆಗೆ ಹಚ್ಚಿ, ಕರಡಿಗೆಗಲ್ಲ.

ಕೊಡಗಿನವರಿಗೆ ಮಾತ್ರ ಸುಲಭವಾಗಿ ಸಿಗುವ ಒಂದಿದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸೈನಿಕರ ಹೊಲಿಗೆ ಸುರುಳಿ. ಗುಂಡಿ ಕಿತ್ತರೆ, ಕಾಲುಚೀಲ ಹರಿದರೆ ತಾನೇ ಹೊಲಿದುಕೊಳ್ಳಲು ಬ್ರಿಟಿಷ್ ಸೈನ್ಯ ಪ್ರತಿ ಸಿಪಾಯಿಗೂ ಸೂಜಿ, ದಾರ, ಗುಂಡಿ ಇಟ್ಟು ಸುತ್ತಿದ ಬಟ್ಟೆಯ ಸುರುಳಿ ಕೊಡುತ್ತಿತ್ತು. ಅದಕ್ಕೆ ಅವರ ಹೆಸರು 'ಹೌಸ್‌ವೈಫ್'. ಎರಡು ಮಹಾಯುದ್ಧಕ್ಕೂ ಗಂಡಸರನ್ನು ಕಳಿಸಿದ ಜಿಲ್ಲೆ ಇದು. ಅಟ್ಟದ ಮೇಲಿನ ಟ್ರಂಕಿನಲ್ಲಿ ಪದಕ, ಪೇ ಬುಕ್ಕು ಹುಡುಕುವವರು ಈ ಸುರುಳಿಯನ್ನು ಹಳೇ ಚಿಂದಿ ಎಂದು ಎಸೆಯುತ್ತಾರೆ. ಬಟ್ಟೆಯ ಮೇಲೆ ಅಗಲ ಬಾಣದ ಗುರುತು ಇದೆಯಾ ನೋಡಿ, ಅದು ಸರಕಾರಿ ಮಾಲು ಎಂಬುದಕ್ಕೆ ಹಾಕುತ್ತಿದ್ದದ್ದು. ರೆಡಿಚ್ಚಿನ ಹತ್ತು ಪೊಟ್ಟಣ ಒಂದು ಕಡೆ ಇಟ್ಟು, ಯಾರದ್ದು ಎಂದು ಗೊತ್ತಿರುವ ಒಂದು ಸುರುಳಿ ಇನ್ನೊಂದು ಕಡೆ ಇಟ್ಟರೆ ನಾನು ಸುರುಳಿ ಎತ್ತಿಕೊಳ್ಳುತ್ತೇನೆ. ಆದರೆ ಅದನ್ನು ಕೊಳ್ಳಬೇಡಿ. ಆ ಮನೆಯವರೇ ಇಟ್ಟುಕೊಳ್ಳುವ ಹಾಗೆ ಮಾಡಿ, ಫೋಟೋ ತೆಗೆದುಕೊಂಡು ಬನ್ನಿ.

ಎಲ್ಲಿ ಹುಡುಕುವುದು, ಎಲ್ಲಿ ಇಡುವುದು

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ನನಗೆ ಹತ್ತು ವರ್ಷದಲ್ಲಿ ಸಿಕ್ಕಿದ್ದು ಎರಡೇ ಡಬ್ಬಿ. ಗುಜರಿ ಅಂಗಡಿ ಪರವಾಗಿಲ್ಲ. ಬಾಗಿಲು ಹಾಕುತ್ತಿರುವ ಹಳೇ ಬಳೆ ಅಂಗಡಿ, ಕಣ್ಣು ಮಂಜಾಗಿ ಕೆಲಸ ಬಿಟ್ಟ ಟೈಲರು, ಇವೇ ಒಳ್ಳೆಯ ಜಾಗ. ಹೋಗುವುದಾದರೆ ಬೆಳಿಗ್ಗೆ ಹೋಗಿ. ದೀಪ ಹಚ್ಚಿದ ಮೇಲೆ ಸೂಜಿ ಕೊಡಬಾರದು ಎನ್ನುವವರು ಇನ್ನೂ ಇದ್ದಾರೆ, ಶನಿವಾರ ಕಬ್ಬಿಣ ಕೊಳ್ಳಬಾರದು ಎನ್ನುವವರೂ ಇದ್ದಾರೆ. ಅವರ ಜೊತೆ ವಾದ ಮಾಡಿ ಸಂಗ್ರಹ ಬೆಳೆಸಿದವರನ್ನು ನಾನು ಕಂಡಿಲ್ಲ.

ಸೀಲ್ ಒಡೆಯದ ಪೊಟ್ಟಣವನ್ನು ಬಿಚ್ಚಬೇಕೋ ಬೇಡವೋ? ಬೇರೆ ಊರಿನವರು ಬಿಚ್ಚಲೇಬೇಡಿ ಅನ್ನುತ್ತಾರೆ. ನಾನು ಹಿಂಬದಿ ನೋಡಿ ಹೇಳುತ್ತೇನೆ. ಕಾಗದದ ಹಿಂದೆ ಕೂದಲೆಳೆಯಷ್ಟು ಕಂದು ಗೆರೆ ಮೂಡಿದ್ದರೆ ಒಳಗೆ ತುಕ್ಕು ಶುರುವಾಗಿದೆ, ಸೂಜಿ ಕಾಗದವನ್ನು ತಿನ್ನುತ್ತಿದೆ. ಬಿಚ್ಚಿ, ಸೂಜಿ ಬೇರೆ ಇಡಿ, ಕಾಗದ ಉಳಿಸಿಕೊಳ್ಳಿ. ಗೆರೆ ಇಲ್ಲದಿದ್ದರೆ ಮುಟ್ಟಬೇಡಿ. ಹಳೆಯ ಪಿನ್ ಕುಶನ್ ಕೈಗೆ ಬಂದರೆ ಮೊದಲು ಅಯಸ್ಕಾಂತ ಆಡಿಸಿ. ಒಳಗೆ ಮುಳುಗಿದ ಸೂಜಿಗಳು ಎಷ್ಟಿರುತ್ತವೆ ಎಂದು ನನ್ನ ಹೆಬ್ಬೆರಳಿಗೆ ಗೊತ್ತು, ಟಿಟಿ ಇಂಜೆಕ್ಷನ್ ಕೊಟ್ಟ ನರ್ಸಮ್ಮನಿಗೂ ಗೊತ್ತು.

ಇಡುವ ಡಬ್ಬಿ ಗಾಳಿಯಾಡದ್ದಾಗಿರಲಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಇರಲಿ. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಮತ್ತೆ ಹಾಕಿ. ಅಕ್ಕಿ ಹಾಕಬೇಡಿ, ಹುಳ ಬರುತ್ತದೆ. ರಬ್ಬರ್ ಬ್ಯಾಂಡು, ಸೆಲ್ಲೋಟೇಪು ಎರಡೂ ಕಾಗದದ ಶತ್ರು. ಎಲ್ಲಕ್ಕಿಂತ ಮುಖ್ಯ, ಡಬ್ಬಿ ಮುಚ್ಚುವ ಕಾಲ. ಫೆಬ್ರವರಿ, ಮಾರ್ಚಿನ ಒಣ ದಿನ ನೋಡಿ ಮಧ್ಯಾಹ್ನ ಮುಚ್ಚಿ. ಜೂನ್‌ನಲ್ಲಿ ಮುಚ್ಚಿದರೆ ಮಳೆಗಾಲವನ್ನೇ ಒಳಗೆ ಹಾಕಿ ಬೀಗ ಹಾಕಿದ ಹಾಗೆ. ಆಮೇಲೆ ನಮ್ಮ ಸುಗ್ಗಿ ಹಬ್ಬ ಹುತ್ತರಿ ಬರುವ ತನಕ ನೆಂಟರು ಎಷ್ಟೇ ಕೇಳಿದರೂ ತೆರೆಯಬೇಡಿ.

ದಬ್ಬಣದ ವಿಷಯ ಬಿಟ್ಟೇಹೋಯಿತು. ಕಾಫಿ, ಕಾಳುಮೆಣಸಿನ ಗೋಣಿಚೀಲದ ಬಾಯಿ ಹೊಲಿಯುವ ಉದ್ದ ಸೂಜಿ. ರೆಡಿಚ್ಚಿನವರೂ ಮಾಡಿದ್ದಾರೆ, ನಮ್ಮ ಕಮ್ಮಾರರೂ ಬಡಿದಿದ್ದಾರೆ. ಪೊಟ್ಟಣ ಇಲ್ಲ, ಲೇಬಲ್ ಇಲ್ಲ, ಕಾಲ ಹೇಳಲು ದಾರಿಯಿಲ್ಲ. ನನ್ನದೇ ನಿಯಮದ ಪ್ರಕಾರ ನಾನು ಅದನ್ನು ಕೂಡಿಡಬಾರದು. ಆದರೂ ಸುಂಟಿಕೊಪ್ಪದ ಕಡೆ ಒಂದು ತೋಟದ ಮೇಸ್ತ್ರಿ ಹತ್ತಿರ ಒಂದಿದೆ, ಹಿಡಿದು ಹಿಡಿದು ನಡು ಸವೆದು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಕೇಳಿದೆ. "ಕೊಯ್ಲು ಮುಗೀಲಿ ಸಾರ್, ನೋಡುವ" ಎಂದರು. ನಾಲ್ಕು ಕೊಯ್ಲು ಮುಗಿದಿವೆ, ಇನ್ನೂ ನೋಡುತ್ತಲೇ ಇದ್ದಾರೆ.